ಬಲಗಡೆಯ ಚೈನು

ಅಣ್ಣ ತೀರಿಕೊಂಡ ಮೂರನೆಯ ದಿನವೇ ಹಲ್ಲಕ್ಕ ಕಿಟಕಿಯ ಬಳಿ ಕೂತು ಆಟಿಕೆಯ ಯುದ್ಧಟ್ಯಾಂಕಿಗೆ ಬಣ್ಣ ಬಳಿಯುತ್ತಿದ್ದಳು ಎಂಬ ಮಾತು ಆ ಕಟ್ಟಡದ ನಾಲ್ಕೂ ಅಂತಸ್ತುಗಳಲ್ಲಿ ಓಡಾಡಿತು. ಹೊರಡಿಸಿದವಳು ಎದುರುಮನೆಯಾಕೆ; ಬಟ್ಟೆ ಒಣಗಹಾಕಲು ಬಾಲ್ಕನಿಗೆ ಬಂದಾಗ ಕಣ್ಣಾರೆ ಕಂಡದ್ದು ಎಂಬುದು ಆಕೆಯ ಸಾಕ್ಷ್ಯ. ಮಾತು ಮೆಟ್ಟಿಲಿಳಿಯುತ್ತ ಉಪ್ಪುಖಾರ ಹಚ್ಚಿಕೊಂಡಿತು. ಎರಡನೆಯ ಮಹಡಿಯಲ್ಲಿ ಹಲ್ಲಕ್ಕ ಬಣ್ಣ ಬಳಿಯುತ್ತ ಹಾಡು ಗುನುಗುತ್ತಿದ್ದಳು ಎಂದಾಯಿತು. ನೆಲಮಹಡಿ ಮುಟ್ಟುವ ಹೊತ್ತಿಗೆ ಅವಳ ತಲೆಯೇ ಕೆಟ್ಟಿತ್ತು.

ನಿಜ ಬೇರೆ. ಅದು ಮೂರನೆಯ ದಿನವಲ್ಲ, ಹತ್ತೊಂಬತ್ತನೆಯ ದಿನ. ಗುನುಗಲು ಅವಳ ಬಾಯಿ ಖಾಲಿ ಇರಲಿಲ್ಲ, ಹಲ್ಲುಗಳ ನಡುವೆ ಕುಂಚವೊಂದನ್ನು ಕಚ್ಚಿಕೊಂಡಿದ್ದಳು. ಟ್ಯಾಂಕು ಆಟಿಕೆಯಲ್ಲ, ಅಸಲಿನ ಮೂವತ್ತೈದರಲ್ಲೊಂದು ಪಾಲಿನಷ್ಟು ಗಾತ್ರಕ್ಕೆ, ಆರುನೂರಕ್ಕೂ ಹೆಚ್ಚು ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಅವಳಣ್ಣ ಕಟ್ಟಿದ್ದ ಮಾದರಿ. ಇನ್ನು ಬಣ್ಣ ಬಳಿಯುವ ಮಾತು. ಅವಳು ಬಣ್ಣ ಬಳಿಯುತ್ತಿರಲಿಲ್ಲ, ಕೊಳೆ ಹಚ್ಚುತ್ತಿದ್ದಳು. ಒಂಬತ್ತು ವರ್ಷಗಳ ಹಿಂದೆ ಆ ಕೊಳೆ ಅದರ ಮೇಲೆಯೇ ಇತ್ತು. ತೊಳೆದು ತೆಗೆದವಳು ಅವಳೇ.

ಹಲ್ಲಕ್ಕನಿಗೆ ಆ ಹೆಸರು ಬಂದದ್ದು ಕಸುಬಿನಿಂದ. ಹಲ್ಲಿನ ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ಗಟ್ಟಿಯಾಗುವ ಪುಡಿಯನ್ನು ನೀರಲ್ಲಿ ಕಲಸಿ ಎರೆದು, ದವಡೆಯ ಪ್ರತಿರೂಪ ಮಾಡಿ, ಅದರ ಮೇಲೆ ಕಟ್ಟುಹಲ್ಲು ಕೂರಿಸಿ ಕೊಡುವ ಒಂದು ಪುಟ್ಟ ಲ್ಯಾಬಿನಲ್ಲಿ ಅವಳು ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ಕಿಟಕಿಯಿಲ್ಲದ ಕೋಣೆ, ಮೇಜಿನ ಮೇಲೆ ಬಗ್ಗಿದ ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜು, ನೂರೆಂಟು ಮಂದಿಯ ಬಾಯಿಗಳು. ಎದುರು ಬಂದು ನಿಂತರೆ ಅವರಲ್ಲಿ ಒಬ್ಬರನ್ನೂ ಅವಳು ಗುರುತು ಹಿಡಿಯಲಾರಳು, ನಕ್ಕರೆ ಹಿಡಿದಾಳು.

ಆ ಲ್ಯಾಬಿನಲ್ಲಿ ಅವಳಷ್ಟು ಚೆನ್ನಾಗಿ ಯಾರೂ ಮಾಡದ ಕೆಲಸವೊಂದಿತ್ತು. ಹೊಸ ಹಲ್ಲು ಹೊಸದಾಗಿ ಕಂಡರೆ ಅದು ಸುಳ್ಳುಹಲ್ಲೆಂದು ಊರಿಗೆಲ್ಲ ತಿಳಿಯುತ್ತದೆ. ಅಕ್ಕಪಕ್ಕದ ಹಲ್ಲುಗಳು ಐವತ್ತು ವರ್ಷ ಬಾಳಿದ್ದರೆ ಹೊಸತೂ ಅಷ್ಟೇ ಬಾಳಿದಂತೆ ಕಾಣಬೇಕು. ಹಲ್ಲಕ್ಕ ಎರಡೇ ಎಳೆಯ ಕುಂಚದಲ್ಲಿ ದವಡೆಹಲ್ಲಿನ ಸೀಳಿಗೆ ಕಂದು ಇಳಿಸುವಳು, ಒಸಡಿನ ಅಂಚಿಗೆ ಮಾಸಲು ಹಳದಿ ಸವರುವಳು. ಚಹಾ ಕುಡಿಯುವವರ ಹಲ್ಲು, ಹೊಗೆ ಎಳೆಯುವವರ ಹಲ್ಲು, ಒಂದೇ ಕಡೆಯಿಂದ ಅಗಿಯುವವರ ಹಲ್ಲು ಎಂದು ಅವಳ ಕೈಯಲ್ಲಿ ಬೇರೆಬೇರೆ ಹಳೆತನಗಳಿದ್ದವು. ಇಷ್ಟೆಲ್ಲ ಬಲ್ಲವಳು ಮನೆಯಲ್ಲಿ ಅಂಥ ಕೆಲಸ ಮಾಡಿಕೊಂಡಳೆಂಬುದೇ ಈ ಕತೆಯ ವಿಚಿತ್ರ.

ಅಣ್ಣ ವಿದ್ಯುತ್ ಮೀಟರುಗಳನ್ನು ಪರೀಕ್ಷಿಸುವ ಕಛೇರಿಯಲ್ಲಿದ್ದ. ಮದುವೆಯಾಗಿರಲಿಲ್ಲ. ಅವಳಿಗೆ ಆಗಿತ್ತು, ಹದಿನೆಂಟು ತಿಂಗಳಿಗೆ ಒಂದು ಸೂಟ್‌ಕೇಸ್ ಹಿಡಿದು ಮರಳಿ ಬಂದಾಗ ಅವನು "ಯಾಕೆ" ಎಂದು ಕೇಳದೆ ಮುಂದಿನ ಕೋಣೆಯಿಂದ ತನ್ನ ಮಂಚ ಎತ್ತಿ ಹಿಂದಿನ ಕೋಣೆಗೆ ಹಾಕಿಕೊಂಡಿದ್ದ. ಆ ಹಿಂದಿನ ಕೋಣೆಯಲ್ಲೇ ಅವನ ಮಾದರಿಗಳು ತಯಾರಾಗುತ್ತಿದ್ದುದು. ತಿಂಗಳ ಮೊದಲ ಭಾನುವಾರ ಸೈಕಲ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅವನಂಥ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದರು. ಹಲ್ಲಕ್ಕ ಅದನ್ನು "ಮುದುಕರ ಅಂಗನವಾಡಿ" ಎಂದು ಕರೆದರೆ ಅವನು "ಬಾ, ನಿನ್ನನ್ನೂ ಸೇರಿಸ್ತೀನಿ, ಮೂಗು ಒರೆಸೋಕೆ ಒಬ್ಬರು ಬೇಕು" ಎನ್ನುತ್ತಿದ್ದ. ಆಗ ಅವರು ಮಾತಾಡುತ್ತಿದ್ದರು.

ಅಣ್ಣ ಮಾಡಿದ್ದನ್ನು ಕೋಣೆಯಿಂದಾಚೆ ತರುವವನಲ್ಲ. ಅದೊಂದು ಟ್ಯಾಂಕನ್ನು ಮಾತ್ರ ತಂದ. ಒಂದು ಶುಕ್ರವಾರ ಬೆಳಿಗ್ಗೆ ಹಜಾರದ ಗೂಡಿನಲ್ಲಿ, ಅಪ್ಪ ಅಮ್ಮನ ಫೋಟೋದ ಪಕ್ಕಕ್ಕೆ ಅದನ್ನಿಟ್ಟು, ಏನೂ ಹೇಳದೆ ಕೆಲಸಕ್ಕೆ ಹೋದ. ಅಂದು ಹಲ್ಲಕ್ಕನಿಗೆ ರಜೆ. ಗುಡಿಸುತ್ತ ಬಂದವಳು ನೋಡಿದಳು: ಟ್ಯಾಂಕಿನ ತುಂಬ ಧೂಳು, ಚಕ್ರಗಳಲ್ಲಿ ಒಣಗಿದ ಕೆಸರು, ಪಕ್ಕದ ತಗಡಿನ ಮೇಲೆ ತುಕ್ಕಿನ ಗೆರೆ. ಪಾಪ, ಎಷ್ಟು ವರ್ಷದಿಂದ ಮಂಚದ ಕೆಳಗಿತ್ತೋ ಎಂದುಕೊಂಡಳು. ಉಗುರುಬೆಚ್ಚನೆಯ ನೀರು, ಸೋಪಿನ ನೊರೆ, ಮೆತ್ತನೆಯ ಹಲ್ಲುಜ್ಜುವ ಬ್ರಷ್ ತಂದು, ಒಂದೊಂದು ಚಕ್ರದ ಹಿಂದೆಯೂ ಬ್ರಷ್ ತೂರಿಸಿ, ಬಡಪಾಯಿ ಹಲ್ಲನ್ನು ಉಜ್ಜಿದಂತೆ ಉಜ್ಜಿದಳು. ಬೇಸಿನ್ನಿನಲ್ಲಿ ಕಂದುನೀರು ಸುತ್ತಿ ಸುತ್ತಿ ಇಳಿದುಹೋಯಿತು. ಕೊನೆಗೆ ಬಲಗಡೆಯ ಚೈನು, ಚಕ್ರಗಳ ಸುತ್ತ ಬರುವ ಆ ಉದ್ದನೆಯ ಪಟ್ಟಿ, ಕಳಚಿ ಕೈಗೆ ಬಂತು. ಅದನ್ನು ಲ್ಯಾಬಿನ ಅಂಟಿನಿಂದ ಕೂಡಿಸಿ ಮತ್ತೆ ಸುತ್ತಿದಳು. ಕಣ್ಣಿಗೆ ಮೊದಲಿನಂತೆಯೇ ಕಂಡಿತು.

ಸಂಜೆ ಅಣ್ಣ ಬಂದ. ಚಪ್ಪಲಿಯನ್ನೂ ಬಿಡದೆ ಗೂಡಿನ ಮುಂದೆ ನಿಂತ.

"ಹೇಗಿದೆ?" ಎಂದಳು ಅವಳು, ಹೆಮ್ಮೆಯಿಂದಲೇ. "ಎಷ್ಟು ಕೊಳೆ ಇತ್ತು ಗೊತ್ತಾ ಅಣ್ಣಾ? ಮೂರು ಸಲ ನೀರು ಬದಲಾಯಿಸಿದೆ."

ಅವನು ಟ್ಯಾಂಕನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಚೆನ್ನಾಗಿ ಬೆಳಗಿದ್ದೀಯ" ಎಂದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ತಾನು ಏನು ಮಾಡಿದ್ದೇನೆಂದು ಅವಳಿಗೆ ತಿಳಿದದ್ದು ಒಂಬತ್ತು ದಿನಗಳ ನಂತರ, ಮಾದರಿಯವರ ಗುಂಪಿನ ಹಿರಿಯ ಫೋನು ಮಾಡಿದಾಗ. ಸೇನೆಯ ವರ್ಕ್‌ಶಾಪಿನಲ್ಲಿ ಅಸಲು ಟ್ಯಾಂಕುಗಳನ್ನು ರಿಪೇರಿ ಮಾಡಿ ನಿವೃತ್ತನಾದ ಆತನಿಗೆ ಗುಂಪಿನವರು ಇಟ್ಟ ಹೆಸರು ಜರಡಿ; ಎಂಥ ಸಣ್ಣ ತಪ್ಪೂ ಅವನ ಕಣ್ಣಿಗೆ ಸಿಕ್ಕಿಕೊಳ್ಳದೆ ಹೋಗದು. "ಪ್ರದರ್ಶನಕ್ಕೆ ಟ್ಯಾಂಕ್ ತರಲ್ಲ ಅಂತಿದ್ದಾನಲ್ಲಮ್ಮ ನಿಮ್ಮಣ್ಣ, ಏನಾಯ್ತು? ನಾಲ್ಕು ತಿಂಗಳು ಕೂತು ಹಳೇದು ಮಾಡಿದ್ದ ಅದನ್ನ. ಬಣ್ಣದ ಸೀಮೆಸುಣ್ಣ ಅರೆದು ಅರೆದು ಧೂಳು ಕೂರಿಸಿದ್ದ. ಅಂಥ ಧೂಳು ನಾನು ಅಸಲು ಗಾಡಿ ಮೇಲೂ ನೋಡಿಲ್ಲ."

ಹಲ್ಲಕ್ಕ ಫೋನು ಕೆಳಗಿಟ್ಟಳು. ತಪ್ಪಾಯಿತು ಎನ್ನಬೇಕಿತ್ತು. ಆದರೆ ಒಂಬತ್ತು ದಿನ ಕಳೆದಿದ್ದವು. ಇವತ್ತು ಬೇಡ, ಅವನ ಮುಖ ಸರಿಯಿಲ್ಲ. ಇವತ್ತೂ ಬೇಡ, ಈಗಷ್ಟೇ ಮುಖ ಸರಿಯಾಗಿದೆ. ಹೀಗೆ ತಿಂಗಳಾಯಿತು, ವರ್ಷವಾಯಿತು. ಅವನೂ ಆ ಮಾತೆತ್ತಲಿಲ್ಲ. ಗ್ಯಾಸ್ ಮುಗಿದಿದೆ, ನಲ್ಲಿ ಸೋರುತ್ತಿದೆ, ಬಾಗಿಲು ಹಾಕಿಕೋ. ಒಂಬತ್ತು ವರ್ಷ ಇಷ್ಟರಲ್ಲೇ ಸಂಸಾರ ನಡೆಯಿತು. ಜಗಳವಾಗಿದ್ದರೆ ಒಂದು ದಿನ ರಾಜಿಯೂ ಆಗುತ್ತಿತ್ತು. ಇಲ್ಲಿ ಜಗಳವೇ ಆಗಿರಲಿಲ್ಲ. ಚೈನಿನ ಸಂಗತಿಯನ್ನಂತೂ ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅಣ್ಣ ಹೋದದ್ದು ಕಛೇರಿಯಲ್ಲಿ, ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ, ಕುರ್ಚಿಯಲ್ಲಿ ಕೂತಂತೆಯೇ. ಚಹಾ ತಂದವನು ಅವನು ತೂಕಡಿಸುತ್ತಿದ್ದಾನೆಂದು ಲೋಟ ಮುಚ್ಚಿಟ್ಟು ಹೋಗಿದ್ದನಂತೆ.

ಎರಡು ವಾರ ಬಿಟ್ಟು ಜರಡಿ ಮನೆಗೆ ಬಂದ. ಎಪ್ಪತ್ತು ದಾಟಿದ, ಎತ್ತರಕ್ಕೆ ಒಣಕಲಾಗಿದ್ದ ಮನುಷ್ಯ. ಗುಂಪಿನ ಕೋಣೆಯಲ್ಲಿ ಗಾಜಿನ ಕಪಾಟೊಂದಿದೆ, ತೀರಿಕೊಂಡ ಸದಸ್ಯರದು ತಲಾ ಒಂದು ಮಾದರಿ ಅದರಲ್ಲಿ ಇರುತ್ತದೆ, ನಿಮ್ಮಣ್ಣನದೂ ಒಂದು ಬೇಕು ಎಂದ. "ಮುಂದಿನ ತಿಂಗಳ ಮೊದಲ ಭಾನುವಾರ ಇಡೋಣ ಅಂತ. ನೀವೇ ಆರಿಸಿಕೊಡಿ."

ಹಲ್ಲಕ್ಕ ಹಿಂದಿನ ಕೋಣೆಯ ಬಾಗಿಲು ತೆರೆದಳು. ಗೋಡೆಯುದ್ದಕ್ಕೂ ಮಾದರಿಗಳು: ಲಾರಿಗಳು, ಸೇತುವೆಯೊಂದರ ತುಂಡು, ನಾಲ್ಕೈದು ಟ್ಯಾಂಕುಗಳು, ಎಲ್ಲವೂ ಬಾಳಿ ಬಳಲಿದಂತಿದ್ದವು. ಬೀರುವಿನ ಮೇಲೆ ಷೂ ಡಬ್ಬಿಯೊಂದರಲ್ಲಿ ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದ ಆ ಟ್ಯಾಂಕು ಸಿಕ್ಕಿತು. ಅವಳು ತೊಳೆದಿಟ್ಟಷ್ಟೇ ಸ್ವಚ್ಛ. ಅವನು ಅದಕ್ಕೆ ಮತ್ತೆ ಒಂದು ಚಿಟಿಕೆ ಧೂಳನ್ನೂ ಹಚ್ಚಿರಲಿಲ್ಲ.

"ಇದನ್ನು ಕೊಡ್ತೀನಿ" ಎಂದಳು.

ಜರಡಿ ಮುಖ ಸಿಂಡರಿಸಿದ. "ಅದಾ? ಅದು ಬರೀ ಹಸಿರು ಪ್ಲಾಸ್ಟಿಕ್ಕಮ್ಮ. ಈಗ ತಾನೇ ಸ್ನಾನ ಮಾಡ್ಕೊಂಡು ಬಂದಿರೋ ಹಾಗಿದೆ."

"ಸ್ನಾನ ಮಾಡಿಸಿದ್ದು ನಾನೇ ಸಾರ್. ಕೊಳೆ ಹೇಗೆ ಹಚ್ಚೋದು ಹೇಳಿಕೊಡಿ. ಭಾನುವಾರದೊಳಗೆ ಹಚ್ಚಿ ಕೊಡ್ತೀನಿ."

ಮುದುಕ ಅವಳ ಮುಖ ನೋಡಿದ, ಟ್ಯಾಂಕನ್ನು ನೋಡಿದ. ಒಂಬತ್ತು ವರ್ಷಗಳ ಒಂದು ಲೆಕ್ಕ ಅವನ ತಲೆಯಲ್ಲಿ ತಾಳೆಯಾದಂತಿತ್ತು. "ಅಯ್ಯೋ ದೇವರೇ" ಎಂದಷ್ಟೇ ಅಂದು ಅಲ್ಲೇ ಮಂಚದ ಮೇಲೆ ಕೂತ.

ಕೆಲಸ ಶುರುವಾಯಿತು. ಲ್ಯಾಬಿಗೆ ಹೊರಡುವ ಮೊದಲಿನ ಒಂದೂವರೆ ಗಂಟೆ, ಕಿಟಕಿಯ ಪಕ್ಕ, ಅಣ್ಣನ ಮೇಜು. ಕಂದು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ ಮೊದಲ ಬೆಳಿಗ್ಗೆಯೇ ಇಡೀ ಟ್ಯಾಂಕಿಗೆ ಬಳಿದುಬಿಟ್ಟಳು. ಮರುದಿನ ಬಂದು ನೋಡಿದ ಜರಡಿ, "ಏನಮ್ಮ, ಚಾಕೊಲೇಟಿನಲ್ಲಿ ಅದ್ದಿ ತೆಗೆದಿದ್ದೀರಾ?" ಎಂದ.

"ಕೊಳೆ ಅಂದ್ರಲ್ಲ ಸಾರ್."

"ಕೊಳೆ ಎಲ್ಲಾ ಕಡೆ ಒಂದೇ ಸಮ ಕೂರಲ್ಲ. ಸಿಪಾಯಿ ಕಾಲಿಟ್ಟು ಹತ್ತೋ ಕಡೆ ಬಣ್ಣ ಸವೆದಿರುತ್ತೆ. ಮೊಳೆತಲೆ ಸುತ್ತ ಕಪ್ಪು ನಿಂತಿರುತ್ತೆ. ಮಳೆ ಬಂದರೆ ತುಕ್ಕು ಕೆಳಕ್ಕೇ ಇಳಿಯುತ್ತೆ, ಮೇಲಕ್ಕೆ ಹತ್ತಲ್ಲ. ಆ ರಬ್ಬರಿಗೆ ತುಕ್ಕು ಬಳಿದಿದ್ದೀರಲ್ಲ, ಎಲ್ಲಾದರೂ ರಬ್ಬರ್ ತುಕ್ಕು ಹಿಡಿಯುತ್ತಾ?"

ಹಲ್ಲಕ್ಕ ಟ್ಯಾಂಕನ್ನು ತನ್ನತ್ತ ತಿರುಗಿಸಿಕೊಂಡಳು. ಆಮೇಲೆ ಮೆಲ್ಲಗೆ, "ದವಡೆಹಲ್ಲಿನ ಹಾಗೆ" ಎಂದಳು. ನಾಲಿಗೆ ಆಡುವ ಕಡೆ ಕಲೆ ನಿಲ್ಲುವುದಿಲ್ಲ, ಸೀಳಿನಲ್ಲಿ ನಿಲ್ಲುತ್ತದೆ. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಇದನ್ನೇ. ಬಳಿದದ್ದನ್ನೆಲ್ಲ ಒರೆಸಿ ತೆಗೆದು, ಭೂತಗಾಜು ಸಿಕ್ಕಿಸಿಕೊಂಡು, ಎರಡೆಳೆಯ ಕುಂಚದಲ್ಲಿ ಮತ್ತೆ ಮೊದಲಿನಿಂದ ಹಿಡಿದಳು. ಹರಿದ ಸ್ಪಂಜಿನ ತುದಿಗೆ ಗಾಢ ಕಂದು ಮುಟ್ಟಿಸಿ ಅಂಚುಗಳ ಮೇಲೆ ತಾಗಿಸಿದಾಗ ಬಣ್ಣ ಕಿತ್ತ ಗಾಯಗಳಾದವು. ಒದ್ದೆ ಕುಂಚದಿಂದ ಕೆಳಕ್ಕೆಳೆದಾಗ ತುಕ್ಕಿನ ಕಣ್ಣೀರು ಇಳಿಯಿತು. ಪೆನ್ಸಿಲ್ಲಿನ ಪುಡಿ ಬೆರಳಲ್ಲಿ ತೀಡಿದ ಕಡೆ ಕಬ್ಬಿಣ ಮಿನುಗಿತು. ಎದುರುಮನೆಯಾಕೆ ಬಾಲ್ಕನಿಗೆ ಬಂದು ಕಣ್ಣಾರೆ ಕಂಡದ್ದು ಇದನ್ನು.

ಆ ದಿನಗಳಲ್ಲಿ ಒಂದೊಂದು ಸಲ ಅವಳ ಕೈ ನಿಂತುಬಿಡುತ್ತಿತ್ತು. ಅಣ್ಣ ನಾಲ್ಕು ತಿಂಗಳು ಇದೇ ಕುರ್ಚಿಯಲ್ಲಿ, ಇದೇ ಬೆಳಕಿನಲ್ಲಿ, ಒಂದು ಗೋಡೆಯಾಚೆಗೆ ತಾನು ಪಾತ್ರೆ ಸದ್ದು ಮಾಡುತ್ತಿದ್ದಾಗ ಇದನ್ನೇ ಮಾಡುತ್ತಿದ್ದ. ಇಬ್ಬರ ಕಸುಬೂ ಒಂದೇ ಆಗಿತ್ತು. ಒಂದು ದಿನವೂ ಅದನ್ನು ಪರಸ್ಪರ ಹೇಳಿಕೊಂಡಿರಲಿಲ್ಲ. ಈಗ ಹೇಳಿಕೊಳ್ಳೋಣವೆಂದರೆ ಕೋಣೆಯಲ್ಲಿ ಟರ್ಪೆಂಟೈನಿನ ವಾಸನೆ ಬಿಟ್ಟರೆ ಯಾರೂ ಇರಲಿಲ್ಲ.

ಬಲಗಡೆಯ ಚೈನಿನ ಎರಡು ಕೊಂಡಿಗಳ ನಡುವೆ ಸಾಸಿವೆಗಿಂತ ಚಿಕ್ಕದಾದ, ತಿಳಿಹಸಿರಿನ ಚೂರೊಂದು ಸಿಕ್ಕಿಕೊಂಡಿತ್ತು. ಪಾಚಿಯೋ ಬೂಷ್ಟೋ ಎಂದುಕೊಂಡು ಸೂಜಿಯಿಂದ ತೆಗೆಯಹೋದಳು, ಗಟ್ಟಿಯಾಗಿತ್ತು, ಬರಲಿಲ್ಲ. ಬಿಟ್ಟಳು.

ಧೂಳಿನ ಕೆಲಸವೊಂದು ಬಾಕಿಯಿದ್ದಾಗ ಜರಡಿ ಮತ್ತೆ ಬಂದ. ಟ್ಯಾಂಕನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇದು ಗಾಡಿ" ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ಮರುಕ್ಷಣವೇ ಹುಬ್ಬು ಗಂಟಾಯಿತು.

"ಬಲಗಡೆ ಚೈನು ತಿರುಗುಮುರುಗಾಗಿದೆ."

"ಹಾಗಂದ್ರೆ?"

"ಇಲ್ಲಿ ನೋಡಿ, ಚೈನಿನ ಮೇಲೆ ಬಾಣದ ಗುರುತಿನ ಹಲ್ಲುಗಳಿವೆಯಲ್ಲ. ಎಡಗಡೆಯ ಬಾಣ ಮುಂದಕ್ಕೆ ಮುಖ ಮಾಡಿದೆ, ಬಲಗಡೆಯದು ಹಿಂದಕ್ಕೆ. ನಮ್ಮ ವರ್ಕ್‌ಶಾಪಲ್ಲಿ ಹೀಗೆ ಹಾಕಿದ್ದರೆ ಮೇಲಿನವರು ಚರ್ಮ ಸುಲಿತಿದ್ದರು. ನಿಮ್ಮಣ್ಣ ಇಂಥ ತಪ್ಪು ಮಾಡೋನಲ್ಲ."

ಹಲ್ಲಕ್ಕ ಒಂಬತ್ತು ವರ್ಷ ನುಂಗಿಕೊಂಡಿದ್ದನ್ನು ಆಗ ಹೇಳಿದಳು. ಬ್ರಷ್ಷು, ನೊರೆ, ಕಳಚಿ ಬಂದ ಪಟ್ಟಿ, ಲ್ಯಾಬಿನ ಅಂಟು. ಹೇಳಿ ಮುಗಿಸಿ, "ಅವನಿಗೆ ಗೊತ್ತಾಗಿತ್ತಾ ಸಾರ್?" ಎಂದಳು.

"ನೋಡಿದ ಕೂಡಲೇ ಗೊತ್ತಾಗಿರುತ್ತೆ" ಎಂದ ಜರಡಿ, ಹೇಳಿದ ಮೇಲೆ ಹೇಳಬಾರದಿತ್ತೆನಿಸಿತೇನೋ, ಗಡಿಬಿಡಿಯಲ್ಲಿ ಸೇರಿಸಿದ: "ಹೋಗಲಿ ಬಿಡಿ, ಕಳಚಿ ತಿರುಗಿಸಿದರೆ ಹತ್ತು ನಿಮಿಷದ ಕೆಲಸ. ಆದರೆ ತಿರುಗಿಸಲೇಬೇಕಮ್ಮ. ಗೊತ್ತಿದ್ದೂ ತಪ್ಪಿರೋದನ್ನ ಆ ಕಪಾಟಿಗೆ ಇಡಲ್ಲ. ಅದೊಂದು ನಿಯಮ. ಆಮೇಲೆ ಕೆಳಗಡೆ ಒಂದು ನೆಲ ಬೇಕು. ಬರೀ ಹಲಗೆ ಮೇಲೆ ಟ್ಯಾಂಕ್ ನಿಂತರೆ ಅಂಗಡಿ ಸಾಮಾನಿನ ಹಾಗಿರುತ್ತೆ. ಇವನ ಹತ್ರ ಯಾವುದಾದರೂ ಹಳೇ ನೆಲ ಇದ್ದೀತು, ಹುಡುಕಿ."

ಮರುದಿನ ಶನಿವಾರ ಹುಡುಕಿದಳು. ಮಂಚದ ಕೆಳಗೆ, ಗೋಡೆಗೆ ತಾಗಿ, ಅಗಲವಾದ ತೆಳು ಪೆಟ್ಟಿಗೆಯೊಂದಿತ್ತು. ಒಳಗೆ ಎರಡು ಗೇಣು ಉದ್ದದ ನೆಲ: ಮಳೆ ನಿಂತ ಮೇಲಿನ ಮಣ್ಣುದಾರಿ, ಗುಂಡಿಯಲ್ಲಿ ನಿಂತ ನೀರು, ಬೇಲಿಯ ಮುರಿದ ಗೂಟ, ಒಣಹುಲ್ಲು. ಮನುಷ್ಯರಿಲ್ಲ. ನಡುವೆ ಟ್ಯಾಂಕು ನಿಲ್ಲುವಷ್ಟು ಜಾಗ ಖಾಲಿ. ಆ ಖಾಲಿಯ ಹಿಂದೆ, ದಾರಿಯುದ್ದಕ್ಕೂ, ಕೆಸರಿನಲ್ಲಿ ಒತ್ತಿದ ಎರಡು ಸಾಲು ಚೈನಿನ ಗುರುತು.

ಅವಳು ಟ್ಯಾಂಕನ್ನು ತಂದು ಆ ಜಾಗದಲ್ಲಿಟ್ಟಳು. ಹಲ್ಲು ತನ್ನ ಗೂಡಿಗೆ ಕೂತಂತೆ ಕೂತಿತು. ಭೂತಗಾಜು ಹಾಕಿಕೊಂಡು ಬಗ್ಗಿದಳು. ಎಡಗಡೆಯ ಸಾಲಿನಲ್ಲಿ ಬಾಣಗಳೆಲ್ಲ ಮುಂದಕ್ಕೆ ಮುಖ ಮಾಡಿದ್ದವು. ಬಲಗಡೆಯ ಸಾಲಿನಲ್ಲಿ ಅಷ್ಟೂ ಬಾಣಗಳು ಹಿಂದಕ್ಕೆ.

ಟ್ಯಾಂಕನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ನೆಲವನ್ನು ಎತ್ತಿ ತಲೆಕೆಳಗು ಮಾಡಿದಳು. ಬಣ್ಣ ಮುಟ್ಟದ ಅಡಿಭಾಗ ತಿಳಿಹಸಿರು. ಆ ಹಸಿರು ಅವಳಿಗೆ ತನ್ನ ಅಂಗೈಯಷ್ಟೇ ಗೊತ್ತು. ಬಾಯಿಯ ಅಚ್ಚಿಗೆ ಎರೆಯುವ ಪುಡಿ ಲ್ಯಾಬಿನಲ್ಲಿ ಯಾವಾಗಲೂ ಹಳದಿಯದೇ ಇತ್ತು. ಹಸಿರಿನದು ಬರತೊಡಗಿ ಎರಡೇ ವರ್ಷ. ಅದು ಬಂದ ಹೊಸತರಲ್ಲೇ, ಮನೆಯಲ್ಲಿ ಮಾಡುವ ಕೆಲಸಕ್ಕೆಂದು ತಂದು ಸಿಂಕಿನ ಕೆಳಗಿಟ್ಟಿದ್ದ ಪೊಟ್ಟಣಗಳಲ್ಲಿ ಒಂದು ಕಾಣೆಯಾಗಿತ್ತು. "ಪುಡಿ ಪೊಟ್ಟಣ ನೋಡಿದ್ಯಾ?" ಎಂದು ಅವಳು ಕೇಳಿದ್ದಳು. "ಇಲ್ಲ" ಎಂದಿದ್ದ. ಆ ಮನುಷ್ಯ ಅವಳಿಗೆ ಹೇಳಿದ ಒಂದೇ ಸುಳ್ಳು ಅದಿರಬೇಕು.

ಜರಡಿಯನ್ನು ಕರೆಸಿದಳು. ಅವನು ನಿಂತೇ ನೋಡಿದ.

"ಅಚ್ಚೊತ್ತುವಾಗ ಈ ಟ್ಯಾಂಕನ್ನೇ ಹಸಿಯ ಮೇಲೆ ಉರುಳಿಸಿದ್ದಾನೆ" ಎಂದ. "ಚೈನು ಹೇಗಿತ್ತೋ ಗುರುತೂ ಹಾಗೇ ಬಿದ್ದಿದೆ, ಅಷ್ಟೇ. ಗಮನಿಸಿರಲ್ಲ."

"ನೋಡಿದ ಕೂಡಲೇ ಗೊತ್ತಾಗಿರುತ್ತೆ ಅಂದ್ರಿ ನಿನ್ನೆ."

ಮುದುಕ ಅವಳ ಭೂತಗಾಜು ಈಸಿಕೊಂಡು ಮೊಣಕಾಲೂರಿದ. ಒಂದೊಂದೇ ಬಾಣವನ್ನು ನೋಡುತ್ತ ಸಾಲಿನ ಕೊನೆಯವರೆಗೆ ಹೋದ. ಎದ್ದಾಗ ದನಿ ಇಳಿದಿತ್ತು.

"ಇಲ್ಲಮ್ಮ. ಪ್ರತಿಯೊಂದು ಬಾಣದ ಅಂಚನ್ನೂ ಆಮೇಲೆ ಸೂಜಿಯಲ್ಲಿ ತೀಡಿದ್ದಾನೆ. ಎರಡು ಸಾಲೂ. ಗಮನಿಸದೆ ತೀಡೋಕಾಗಲ್ಲ. ತಿದ್ದಬೇಕು ಅನಿಸಿದ್ದರೆ ಒಂದು ಸಾಲು ಅಳಿಸಿ ಬೇರೆ ಒತ್ತಬಹುದಿತ್ತು."

"ಮತ್ತೆ ಯಾಕೆ ಧೂಳು ಹಚ್ಚಲಿಲ್ಲ ಸಾರ್? ನೆಲ ಮಾಡಿ ಎರಡು ವರ್ಷ ಆಗಿತ್ತಲ್ಲ."

"ಅದು ನನಗೆ ಹೇಗೆ ಗೊತ್ತಾಗಬೇಕು?" ಎಂದ ಜರಡಿ. "ನೀವು ಒಂದೇ ಮನೆಯಲ್ಲಿದ್ದಿರಿ."

ಅವನು ಚುಚ್ಚಬೇಕೆಂದು ಅಂದದ್ದಲ್ಲ. ಆದರೂ ಹಲ್ಲಕ್ಕ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತು ಬಂದಳು. ಬಂದವಳೇ ಹೇಳಿದಳು: "ಚೈನು ತಿರುಗಿಸಲ್ಲ."

"ತಿರುಗಿಸದಿದ್ದರೆ ಕಪಾಟಿಗೆ ಬರಲ್ಲಮ್ಮ. ನಾಳೆಯೇ ಭಾನುವಾರ. ಹಾಗೇ ಇಟ್ಟರೆ ಬಂದವರೆಲ್ಲ ನಿಮ್ಮಣ್ಣನಿಗೆ ನಗ್ತಾರೆ, ಇಷ್ಟು ವರ್ಷ ಮಾಡಿ ಚೈನು ಹಾಕೋಕೆ ಬರಲಿಲ್ಲ ಅಂತ."

"ಅವನಿಗೆ ಯಾಕೆ ನಗಬೇಕು? ತಪ್ಪು ನಂದು ಅಂತ ಬರೆದು ಇಡಿ."

"ಹಾಗೆಲ್ಲ ಯಾರೂ ಬರೆಸಿಲ್ಲ."

"ಹಾಗೆಲ್ಲ ಯಾರೂ ತೊಳೆದೂ ಇಲ್ಲ, ಅಲ್ವಾ ಸಾರ್?"

ಜರಡಿಗೆ ನಗು ಬಂತು. ತಡೆಯಲು ನೋಡಿ ಕೆಮ್ಮಿದ. "ಧೂಳು ಬಾಕಿ ಇದೆ, ಅದನ್ನು ಮುಗಿಸಿ" ಎಂದು ಚಪ್ಪಲಿ ಮೆಟ್ಟಿ ಹೊರಟ.

ಅಂದು ಮಧ್ಯಾಹ್ನ ಅವಳು ಸೀಮೆಸುಣ್ಣ ಅರೆದಳು. ಅಣ್ಣನ ಮೇಜಿನ ಖಾನೆಯಲ್ಲಿದ್ದ ಕಂದು, ಹಳದಿ, ಬೂದಿ ಬಣ್ಣದ ತುಂಡುಗಳನ್ನೇ ತೆಗೆದುಕೊಂಡಳು. ಮೆತ್ತನೆಯ ಕುಂಚದ ತುದಿಯಿಂದ ಒಂದು ಚಿಟಿಕೆ ಉದುರಿಸಿ, ಉಸಿರು ಬಿಗಿಹಿಡಿದು, ಎಲ್ಲಿ ನಿಲ್ಲುವುದೋ ಅಲ್ಲಿ ನಿಲ್ಲಲು ಬಿಟ್ಟಳು. ಚಕ್ರಗಳ ಹಿಂದಿನ ಸಂದಿಗಳಲ್ಲಿ, ಒಂಬತ್ತು ವರ್ಷದ ಹಿಂದೆ ಬ್ರಷ್ ತೂರಿಸಿದ್ದ ಅವೇ ಸಂದಿಗಳಲ್ಲಿ, ಕೆಸರು ತುಂಬಿದಳು. ತಿಳಿಹಸಿರಿನ ಆ ಚೂರಿನ ಮೇಲೆ ಮಾತ್ರ ಏನನ್ನೂ ಹಚ್ಚಲಿಲ್ಲ.

ಟ್ಯಾಂಕು ಈಗ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಗಾಜಿನ ಕಪಾಟಿನ ಎರಡನೆಯ ಅಂತಸ್ತಿನಲ್ಲಿದೆ. ಪಕ್ಕದ ಚೀಟಿಯಲ್ಲಿ ಜರಡಿಯ ಗುಂಡು ಅಕ್ಷರಗಳಿವೆ: "ಕಟ್ಟಿದ್ದು, ನೆಲ ಮಾಡಿದ್ದು ಅಣ್ಣ. ತೊಳೆದದ್ದು, ಬಲಗಡೆಯ ಚೈನು ತಿರುಗುಮುರುಗು ಹಾಕಿದ್ದು, ಮತ್ತೆ ಕೊಳೆ ಹಚ್ಚಿದ್ದು ತಂಗಿ." ನಿಯಮ ಮುರಿದದ್ದಕ್ಕೆ ಗುಂಪಿನಲ್ಲಿ ಇಬ್ಬರು ಜರಡಿಯೊಂದಿಗೆ ಮಾತು ಬಿಟ್ಟಿದ್ದಾರೆ. ಹಲ್ಲಕ್ಕ ಎರಡು ಸಲ ಹೋಗಿ ನೋಡಿ ಬಂದಿದ್ದಾಳೆ. ಮೂರನೆಯ ತಿಂಗಳ ಭಾನುವಾರ ಹೋಗಲಿಲ್ಲ, ಲ್ಯಾಬಿನ ಕೆಲಸವಿತ್ತು. ಎದುರುಮನೆಯಾಕೆ ಹೇಳುವ ಕತೆಯಲ್ಲಿ ಅದು ಇನ್ನೂ ಮೂರನೆಯ ದಿನವೇ. ಹಲ್ಲಕ್ಕ ತಿದ್ದಲು ಹೋಗಿಲ್ಲ. ಹಿಂದಿನ ಕೋಣೆಯ ಬಾಗಿಲು ತೆರೆದೇ ಇರುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ಸಂಜೆ ಬಂದವಳು ಬೀಗ ತೆಗೆದು, ದೀಪ ಹಾಕಿ, ಒಬ್ಬಳಿಗಾಗುವಷ್ಟು ನೀರು ಕಾಯಲಿಡುತ್ತಾಳೆ.